ಸುದ್ದಿ ಮುಟ್ಟಿತೇ?

ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ಮಗಳ ಪ್ರಾಜೆಕ್ಟು, ಮಳೆಗೆ ರಜೆ ಸಾರಿದೊಡನೆ ಖಾನಾಪುರದ ಹಳ್ಳಿಗಳಿಗೆ ತಿಳಿಸುವ ಜಾಲತಾಣ. "ಅಪ್ಪಾ, ಬರೇ ವೆಬ್‌ಸಾಕೆಟ್ ಸಾಕೇನು, ಸಾಕೆಟ್ ಐಒ ಲೈಬ್ರರಿ ಬೇಕೇನು?" ಎಂದಳು.

2011ರಲ್ಲಿ ಪ್ರಮಾಣಿತವಾದ ವೆಬ್‌ಸಾಕೆಟ್ ಹಗುರ. ಸಂಪರ್ಕ ಕಡಿದರೆ ತಾನಾಗಿ ಕೂಡಿಸದು. ಸಾಕೆಟ್ ಐಒ ಮತ್ತೆ ಕೂಡಿಸುತ್ತದೆ. ವೆಬ್‌ಸಾಕೆಟ್ ನಡೆಯದಲ್ಲಿ ಸಾದಾ ಎಚ್‌ಟಿಟಿಪಿಯಲ್ಲೂ ಸಾಗುತ್ತದೆ.

ಅದನ್ನೇ ಆರಿಸಿ ಖಾನಾಪುರದ ಕಾಡಂಚಿನ ಊರಲ್ಲಿ ಪರೀಕ್ಷಿಸಿದೆವು. ಕಡಿದ ಸಂಪರ್ಕ ಮರಳಿತು. ನಡುವೆ ಕಳಿಸಿದ ಸುದ್ದಿ ಮಾತ್ರ ಬರಲಿಲ್ಲ! ಅದನ್ನು ಕಾದಿಡುವ ಕೆಲಸ ನಮ್ಮದೇ. ಈಗ ಅವಳು ಪ್ರತಿ ಸುದ್ದಿಗೂ ಕ್ರಮಸಂಖ್ಯೆ ಕೊಟ್ಟು ಉಳಿಸುತ್ತಾಳೆ. ಫೋನು ತನಗೆ ಮುಟ್ಟಿದ ಕೊನೆಯ ಸಂಖ್ಯೆ ಹೇಳಿದೊಡನೆ ಉಳಿದವು ಹೋಗುತ್ತವೆ.

ವಿದ್ಯಾರ್ಥಿಗಳೇ, ಕಾಲೇಜಿನ ವೈಫೈ ನಂಬಿ ಲೈಬ್ರರಿ ಆರಿಸಬೇಡಿ. ಸುದ್ದಿ ಮುಟ್ಟದಿದ್ದರೆ ಹುಡುಗನೊಬ್ಬ ಹಳ್ಳ ದಾಟಿ ಮುಚ್ಚಿದ ಶಾಲೆಗೆ ಬಂದಾನು.