ಗಾಳಿಗೆ ಎಷ್ಟೆತ್ತರದ ಅಡ್ಡ?

ಬೈಕಿನ ವಿಂಡ್‌ಶೀಲ್ಡ್ ಬಿರುಕು ಬಿಟ್ಟಿತ್ತು. "ಎತ್ತರದ್ದೇ ಹಾಕ್ಸಿ ಸಾರ್, ಗಾಳಿನೇ ಬಡಿಯಲ್ಲ" ಅಂದರು ಅಂಗಡಿಯವರು. ನನಗ್ಯಾಕೋ ಮನಸ್ಸೊಪ್ಪಲಿಲ್ಲ. ಚಿತ್ರದುರ್ಗದ ಗಾಳಿಯಂತ್ರಗಳ ಹತ್ತಿರ ಬೈಕ್ ಓಡಿಸಿದವರಿಗೆ ಗೊತ್ತು, ಅಡ್ಡಗಾಳಿ ಹೇಗೆ ತಳ್ಳುತ್ತೆ ಅಂತ. ಶೀಲ್ಡ್ ದೊಡ್ಡದಾದಷ್ಟೂ ಅದಕ್ಕೆ ಹಿಡಿತ ಜಾಸ್ತಿ. ಇನ್ನು ಮಳೆಗಾಲದ ರಾತ್ರಿ... ಇದಕ್ಕೆ ವೈಪರ್ ಇರಲ್ಲವಲ್ಲ ಮಾರಾಯ್ರೆ! ಎದುರಿನ ಲಾರಿಯ ಬೆಳಕು ಒಂದೊಂದು ಹನಿಯಲ್ಲೂ ಚದುರಿ ರಸ್ತೆಯೇ ಮಾಯ. ಹಿಂದೆ ಕೂತವಳು ಹೆಂಡತಿ.

ಅದಕ್ಕೇ ಸೀಟಿನ ಮೇಲೆ ಕೂತು ನೋಡಿ, ಮೇಲಂಚು ನನ್ನ ಮೂಗಿನ ಮಟ್ಟಕ್ಕೆ ಬರೋದನ್ನೇ ಆರಿಸಿದೆ. ನೋಟ ಅದರ ಮೇಲಿಂದ ಹಾಯಬೇಕು, ಅದರ ಮೂಲಕ ಅಲ್ಲ. ಅಕ್ರಿಲಿಕ್ ಬೇಡ ಅಂದೆ. ಪಾಲಿಕಾರ್ಬೊನೇಟ್‌ಗೆ ಬೇಗ ಗೀರು ಬೀಳುತ್ತೆ ನಿಜ, ಆದ್ರೆ ಕಲ್ಲೇಟಿಗೆ ಸುಲಭಕ್ಕೆ ಒಡೆಯಲ್ಲ. ಒರೆಸೋಕೆ ಬರೀ ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಪೆಟ್ರೋಲ್ ಮಾತ್ರ ತಾಗಿಸಬೇಡಿ!