ಚಾಕು ತಂದ ಫಜೀತಿ

ನೂರೊಂದು ಬಾವಿಗಳ ಊರೆಂದು ಹೆಸರಾದ ಲಕ್ಕುಂಡಿ ನಮ್ಮದು. ಅತ್ತೆಯವರಿಗೆ ಗಡಿಗೆಯ ನೀರೇ ತಂಪು. ಫ್ರಿಜ್ಜಿಗೆ ಹಟ ಹಿಡಿದವಳು ನಾನೇ.

ಫ್ರೀಜರಿನಲ್ಲಿ ಎರಡು ಬೆರಳು ಬರ್ಫ ಕಟ್ಟಿ ಅದರ ಬಾಗಿಲೇ ಕೂಡದಾಯಿತು. ಚಾಕುವಿನಿಂದ ಕೆತ್ತಹೋದೆ. ‘ಸುಸ್ಸ್’ ಅಂತು! ತೆಳ್ಳನೆಯ ಕೊಳವೆ ತೂತಾಗಿ ಗ್ಯಾಸೆಲ್ಲ ಹೋಯಿತು. ಈಗಿನ ಬಹಳಷ್ಟು ಫ್ರಿಜ್ಜುಗಳ ಗ್ಯಾಸಿಗೆ ಬೆಂಕಿ ಹತ್ತುತ್ತದಂತೆ. ರಿಪೇರಿಯವನು ಹೇಳಿದಾಗ ಎದೆ ಝಲ್ಲೆಂದಿತು. ಪಕ್ಕದಲ್ಲೇ ಒಲೆ ಉರಿಯುತ್ತಿತ್ತಲ್ಲ!

‘ಗಡಿಗಿಗೆ ಇಂಥಾ ತ್ರಾಸ ಇಲ್ಲ ನೋಡವಾ’ ಎಂದರು ಅತ್ತೆ. ರಿಪೇರಿಯ ಖರ್ಚಿಗಿಂತ ಅದೇ ಹೆಚ್ಚು ಚುಚ್ಚಿತು.

ಈಗ ಬರ್ಫ ಕಾಲಿಂಚು ಆಗುತ್ತಲೇ ಪ್ಲಗ್ಗು ಕಿತ್ತು, ಬಾಗಿಲು ತೆರೆದು, ಮಡಿಸಿದ ಅರಿವೆಯ ಮೇಲೆ ಬಿಸಿನೀರಿನ ಪಾತೇಲಿ ಇಡುತ್ತೇನೆ. ತಾನಾಗಿಯೇ ಕರಗುತ್ತದೆ. ಅಡಿಗೆ ಸೋಡಾ ಕದಡಿದ ನೀರಿನಿಂದ ಒರೆಸಿ, ಪೂರ್ತಿ ಒಣಗಿಸಿಯೇ ಮತ್ತೆ ಹಚ್ಚುವುದು. ಮೆತ್ತಗಾದ ಹಸಿಬಟಾಣಿ ತಿರುಗಿ ಒಳಗೆ ಹೋಗುವುದಿಲ್ಲ. ತಣ್ಣಗಿದ್ದರೆ ಅಂದೇ ಪಲ್ಯ. ಅತ್ತೆಯವರಿಗೂ ಅದು ಇಷ್ಟ.