ಅಪ್ಪನ ರಿಪೋರ್ಟಿನಲ್ಲಿ ಇಲ್ಲದ ಸಾಲು

ಆರ್‌ಪಿಸಿ ಲೇಔಟಿನಲ್ಲಿ ಬೆಳಗಿನ ಆರು ಗಂಟೆಗೆ ವಾಕಿಂಗ್ ಹೊರಡುವವರ ಮಾತು ಹಿಂದೆಲ್ಲ ಸೈಟು, ಪೆನ್ಷನ್ನು, ಮಕ್ಕಳ ಸಿಇಟಿ ರ‍್ಯಾಂಕುಗಳ ಸುತ್ತಲೇ ಸುತ್ತುತ್ತಿತ್ತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡ ಮೇಲೆ ಹೃದಯದ ಮಾತೂ ಸೇರಿಕೊಂಡಿತು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಬಂದಾಗಲಂತೂ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ದಿಗಿಲು ಜನರನ್ನು ಆಸ್ಪತ್ರೆಯ ಬಾಗಿಲಿಗೆ ತರುತ್ತದೆ, ನಿಜ. ಒಳಗೆ ಹೋಗಿ ಏನು ಕೇಳಬೇಕೆಂದು ಮಾತ್ರ ಹೇಳಿಕೊಡುವುದಿಲ್ಲ.

ಈ ಬಡಾವಣೆಯ ಒಂದು ಮನೆಯಲ್ಲಿ ಅದನ್ನು ಕೇಳಿದವಳು ಎರಡನೇ ಪಿಯುಸಿ ಓದುವ ಮಗಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಅಪ್ಪನಿಗೆ 47 ವರ್ಷ. ಲಿಪಿಡ್ ಪ್ರೊಫೈಲ್ ಬಂದಿತ್ತು: ಒಟ್ಟು ಕೊಲೆಸ್ಟರಾಲ್ 184, ಎಲ್‌ಡಿಎಲ್ 108. ಎಲ್ಲಾ ನಾರ್ಮಲ್. ರಿಪೋರ್ಟು ನಾರ್ಮಲ್ ಬಂದ ದಿನ ಮಸಾಲೆ ದೋಸೆಯ ಮೇಲಿನ ಬೆಣ್ಣೆ ಒಂದು ಚಮಚ ಹೆಚ್ಚಾಗುವುದು ಬೆಂಗಳೂರಿನ ಪದ್ಧತಿಯಷ್ಟೆ. ಹಂಪಿನಗರದ ಕೇಂದ್ರ ಗ್ರಂಥಾಲಯದಿಂದ ಓದಿ ಬಂದ ಮಗಳು ಹಾಳೆಯನ್ನು ತಿರುವಿ ನೋಡಿ ಕೇಳಿದಳು: ‘ದೊಡ್ಡಪ್ಪಂಗೂ ನಾರ್ಮಲ್ಲೇ ಇತ್ತಲ್ವಾ ಅಪ್ಪಾ? ಮತ್ಯಾಕೆ ಹಾಗಾಯ್ತು?’

ದೊಡ್ಡಪ್ಪ ತಿಪಟೂರಿನಲ್ಲಿ 44ಕ್ಕೇ ಹೃದಯಾಘಾತದಿಂದ ಹೋದವರು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆ ಸಾವನ್ನು ಮನೆಯವರು ಹಣೆಬರಹದ ಲೆಕ್ಕಕ್ಕೆ ಬರೆದು ಸುಮ್ಮನಾಗಿದ್ದರು. ಇದನ್ನೆಲ್ಲ ಕೇಳಿದ ಡಾಕ್ಟರು ಚೀಟಿಯಲ್ಲಿ ಹೊಸದೊಂದು ಹೆಸರು ಬರೆದುಕೊಟ್ಟರು: ಲೈಪೊಪ್ರೋಟೀನ್ ಎ. ಅವರ ಬಾಯಲ್ಲಿ ಅದು ‘ಎಲ್‌ಪಿ ಲಿಟಲ್ ಎ’.

ಇದು ಹೊಸ ವಸ್ತುವೇನಲ್ಲ. ನಾರ್ವೆಯ ಕೋರೆ ಬೆರ್ಗ್ 1963ರಲ್ಲೇ ಇದನ್ನು ಗುರುತಿಸಿದ್ದರು. ‘ಕೆಟ್ಟ ಕೊಲೆಸ್ಟರಾಲ್’ ಎಂದು ಹೆಸರಾದ ಎಲ್‌ಡಿಎಲ್‌ನಂಥ ಕಣಕ್ಕೆ ಇನ್ನೊಂದು ಪ್ರೋಟೀನು ಬಾಲದಂತೆ ಅಂಟಿಕೊಂಡರೆ ಅದೇ ಲೈಪೊಪ್ರೋಟೀನ್ ಎ. ಕಣವು ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂಡಿಸುತ್ತದೆ. ಬಾಲವು ಹೆಪ್ಪುಗಟ್ಟಿದ ರಕ್ತವನ್ನು ಕರಗಿಸಲು ದೇಹಕ್ಕೆ ಬೇಕಾದ ಪ್ಲಾಸ್ಮಿನೊಜೆನ್ ಎಂಬ ಪ್ರೋಟೀನನ್ನು ಹೋಲುತ್ತದೆ. ಹೋಲುತ್ತದೆ ಅಷ್ಟೆ, ಆ ಕೆಲಸ ಮಾಡುವುದಿಲ್ಲ. ಸಾಮಾನ್ಯ ಲಿಪಿಡ್ ಪ್ರೊಫೈಲಿನಲ್ಲಿ ಇದಕ್ಕೆ ಪ್ರತ್ಯೇಕ ಸಾಲಿಲ್ಲ. ಬೇರೆಯಾಗಿ ಬರೆಸಿಯೇ ಮಾಡಿಸಬೇಕು.

ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದರೆ ಹೆಚ್ಚು ಎಂದು ಲೆಕ್ಕ. ಕೆಲವು ಪ್ರಯೋಗಾಲಯಗಳು ನ್ಯಾನೊಮೋಲ್ ಲೆಕ್ಕದಲ್ಲಿ ಕೊಡುತ್ತವೆ. ಅಲ್ಲಿ ಗಡಿ 125. ಎರಡನ್ನೂ ಬೆರೆಸಿಕೊಂಡು ಗಾಬರಿಯಾಗುವವರುಂಟು. ಕಾರ್ಡಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಇದನ್ನು ಜೀವಮಾನದಲ್ಲಿ ಒಮ್ಮೆಯಾದರೂ ನೋಡಿಸಿಕೊಳ್ಳಿ ಎನ್ನುತ್ತದೆ. ಒಮ್ಮೆ ಸಾಕು, ಏಕೆಂದರೆ ಈ ಪ್ರಮಾಣ ಬಹುಪಾಲು ವಂಶವಾಹಿಯಿಂದಲೇ ನಿಗದಿಯಾಗುತ್ತದೆ. ಐದು ವರ್ಷದ ಹೊತ್ತಿಗೆ ಇದ್ದದ್ದು ಹೆಚ್ಚುಕಡಿಮೆ ಕೊನೆಯವರೆಗೂ ಅಷ್ಟೇ. ತುಪ್ಪ ಬಿಟ್ಟರೂ ಇಳಿಯದು, ಓಡಿದರೂ ಇಳಿಯದು.

ಅಪ್ಪನದು 92 ಬಂತು.

ಮೆಂಡೆಲನ ಬಟಾಣಿ ಗಿಡಗಳನ್ನು ಆಗತಾನೆ ಪರೀಕ್ಷೆಗೆ ಓದಿಕೊಂಡಿದ್ದ ಹುಡುಗಿಗೆ ಮುಂದಿನದನ್ನು ಯಾರೂ ಹೇಳಬೇಕಾಗಿರಲಿಲ್ಲ. ‘ಹಾಗಾದ್ರೆ ನಂಗೂ ಬಂದಿರಬಹುದು’ ಎಂದಳು. ಅಮ್ಮನಿಗೆ ರೇಗಿತು. ‘ಮೊದಲು ಪರೀಕ್ಷೆ ಮುಗಿಸು. ಇಂಥದ್ದೆಲ್ಲ ಊರಿಗೆ ಗೊತ್ತಾದ್ರೆ ನಾಳೆ ಗಂಡಿನ ಕಡೆಯವರು ಏನಂತಾರೆ?’ ಈ ಮಾತನ್ನು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಮಗಳ ರಕ್ತದಲ್ಲಿ ಏನಿದೆಯೋ ಎಂಬ ಭಯ ಕೆಲವು ತಾಯಂದಿರ ಬಾಯಲ್ಲಿ ಹೀಗೂ ಹೊರಬೀಳುತ್ತದೆ.

ಡಾಕ್ಟರು ಮೂವರನ್ನೂ ಕೂರಿಸಿ ಹೇಳಿದ್ದಿಷ್ಟು. 92 ಎಂಬುದು ಕಾಯಿಲೆಯಲ್ಲ, ಕಾಯಿಲೆಯ ಸಾಧ್ಯತೆ ಹೆಚ್ಚು ಎಂಬ ಸೂಚನೆ. ಹೆಚ್ಚಿದ್ದವರೆಲ್ಲರಿಗೂ ಹೃದಯಾಘಾತವಾಗುವುದಿಲ್ಲ, ಕಡಿಮೆಯಿದ್ದವರಿಗೆ ಆಗುವುದೇ ಇಲ್ಲವೆಂದೂ ಅಲ್ಲ. ಇದನ್ನೇ ಇಳಿಸುವ ಔಷಧಗಳಿಗಾಗಿ ದೊಡ್ಡ ಪ್ರಯೋಗಗಳು ನಡೆದಿವೆ. ಅದಕ್ಕಾಗಿ ಕಾಯುತ್ತಾ ಕೂರಬೇಕಿಲ್ಲ, ಉಳಿದದ್ದೆಲ್ಲ ಕೈಯಲ್ಲೇ ಇದೆ: ಬಿಪಿ, ಸಕ್ಕರೆ, ತೂಕ, ತಂಬಾಕು, ನಡಿಗೆ ಮತ್ತು ಎಲ್‌ಡಿಎಲ್. ಎಲ್‌ಡಿಎಲ್ಲನ್ನು 70ಕ್ಕಿಂತ ಕೆಳಗಿಳಿಸಲು ಸ್ಟ್ಯಾಟಿನ್ ಮಾತ್ರೆ ಬರೆದರು. 108 ಬೇರೆಯವರಿಗೆ ಸಾಕೆನ್ನಿಸಬಹುದು, 92 ಇದ್ದವರಿಗೆ ಸಾಲದು.

‘ನಿಮ್ಮ ಅಣ್ಣನಿಗೆ ಮಕ್ಕಳಿದ್ದಾರೆಯೇ?’ ಎಂದು ಡಾಕ್ಟರು ಕೊನೆಗೆ ಕೇಳಿದರು. ಒಬ್ಬ ಮಗ, ಇಂಜಿನಿಯರಿಂಗ್ ಮೂರನೇ ವರ್ಷ. ಅವನಿಗೂ ತಿಳಿಸಬೇಕಿತ್ತು. ಮಾತ್ರೆ ನುಂಗುವುದಕ್ಕಿಂತ ಅಪ್ಪನಿಗೆ ಇದೇ ಕಷ್ಟವಾಯಿತು. ಗಂಡನನ್ನು ಕಳೆದುಕೊಂಡ ಅತ್ತಿಗೆಗೆ ಫೋನ್ ಮಾಡಿ, ನಿಮ್ಮ ಮಗನ ರಕ್ತವನ್ನೂ ನೋಡಿಸಿ ಎನ್ನುವುದು ಹೇಗೆ? ನಾಲ್ಕು ದಿನ ತಳ್ಳಿದರು. ಐದನೆಯ ದಿನ ಮಗಳೇ ನಂಬರ್ ಒತ್ತಿ ಫೋನನ್ನು ಕೈಗೆ ಕೊಟ್ಟಳು. ಅತ್ತಿಗೆ ಎಲ್ಲ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರಿಗೆ ಆಗ ಈ ಟೆಸ್ಟು ಯಾರೂ ಬರೀಲಿಲ್ವಲ್ಲ’ ಎಂದರು. ಆಮೇಲೆ, ಬರಿ ಹೊಟ್ಟೆಯಲ್ಲೇ ಹೋಗಬೇಕಾ ಎಂದು ವಿಚಾರಿಸಿದರು. ಬೇಕಿಲ್ಲ.

ಹುಡುಗನದು 18 ಬಂತು. ಅಪ್ಪನಲ್ಲಿರುವ ಎರಡು ಪ್ರತಿಗಳಲ್ಲಿ ಮಗುವಿಗೆ ದಾಟುವುದು ಒಂದೇ; ಒಂದರಲ್ಲಷ್ಟೇ ದೋಷವಿದ್ದರೆ ಅರ್ಧ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ಮಗಳಿಗೆ ಬರೆದುಕೊಟ್ಟ ಚೀಟಿ ಅವಳ ಜೀವಶಾಸ್ತ್ರದ ಪುಸ್ತಕದೊಳಗಿದೆ. ಪರೀಕ್ಷೆ ಮುಗಿದ ಮರುದಿನವೇ ಹೋಗುವುದೆಂದು ಅಮ್ಮನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ.